ಹೋಟೆಲಿನವರು ಚುನಾವಣೆಗೆ ನಿಲ್ಲಬೇಕೇ?

ಕಳೆದ ಸಭೆಯಲ್ಲಿ ಕಾರ್ಯಸೂಚಿಯ ವಿಷಯಗಳೆಲ್ಲ ಮುಗಿದು ಉಪ್ಪಿಟ್ಟು, ಕಾಫಿ ಬರುವ ಹೊತ್ತಿಗೆ ಗಚ್ಚಿಬೌಲಿಯ ನಮ್ಮ ಸದಸ್ಯರೊಬ್ಬರು ಎದ್ದು ನಿಂತರು. ಸಾಮಾನ್ಯವಾಗಿ ಅವರು ಎದ್ದರೆ ಗ್ಯಾಸ್ ಸಿಲಿಂಡರಿನ ದರದ ಬಗ್ಗೆಯೋ ಪಾರ್ಕಿಂಗ್ ಬಗ್ಗೆಯೋ ಮಾತು. ಆ ದಿನ ಹಾಗಾಗಲಿಲ್ಲ.

"ಒಂದು ಪಕ್ಷದವರು ಮೂರು ಸಲ ಹೋಟೆಲಿಗೆ ಬಂದು ಹೋದರು ಮಾರಾಯ್ರೆ. ವಾರ್ಡಿನಲ್ಲಿ ನಿಮ್ಮನ್ನು ಗುರುತಿಸದವರಿಲ್ಲ, ನೀವೇ ನಿಲ್ಲಿ ಅಂತಾರೆ. ನಿಂತರೆ ಸಂಘ ನನ್ನ ಬೆನ್ನಿಗೆ ಇರ್ತದಾ?"

ಅಲ್ಲಿಗೆ ಸಭೆ ಎರಡು ಪಾಲಾಯಿತು. "ನಮ್ಮವರೊಬ್ಬರು ಪಾಲಿಕೆಯಲ್ಲಿದ್ದರೆ ಲೈಸೆನ್ಸಿಗೆ ಅಲೆಯುವುದು ತಪ್ಪುತ್ತದೆ, ಖಂಡಿತ ನಿಲ್ಲಲಿ" ಎಂದರು ಕೆಲವರು. "ಇಡ್ಲಿ ಮಾರಲು ಬಂದವರಿಗೆ ಯಾಕೆ ಆ ಉಸಾಬರಿ? ಊರಿಗೆ ಉಪಕಾರಿ, ಮನೆಗೆ ಮಾರಿ ಆಗುವುದು ಬೇಡ" ಎಂದರು ಹಿರಿಯರು. ಕಾಫಿ ಆರಿತೇ ಹೊರತು ತೀರ್ಮಾನವಾಗಲಿಲ್ಲ. ಈ ಬಗ್ಗೆ ನಮ್ಮ ಅಭಿಪ್ರಾಯವನ್ನು ಪತ್ರಿಕೆಯಲ್ಲಿ ಬರೆಯಬೇಕೆಂದು ಹಲವರು ಕೇಳಿದ್ದರಿಂದ ಈ ಲೇಖನ. ಇದು ಸಂಘದ ನಿರ್ಣಯವಲ್ಲ. ಇದೇ ಬಡಾವಣೆಯಲ್ಲಿ ದಿನವೂ ಬೆಳಿಗ್ಗೆ ಐದಕ್ಕೆ ಬಾಗಿಲು ತೆರೆಯುವ ನಮಗೆ ತೋಚಿದ್ದು ಮಾತ್ರ.

ರಾಜಕೀಯ ಬೇಡವೆಂದರೂ ಬಿಡುವುದಿಲ್ಲ

ಮೊದಲಿಗೆ ಹಿರಿಯರ ಮಾತನ್ನೇ ತೆಗೆದುಕೊಳ್ಳೋಣ. ನಮಗೇಕೆ ರಾಜಕೀಯ ಎನ್ನುವುದು ಕೇಳಲು ಚೆನ್ನ. ಆದರೆ ರಾಜಕೀಯ ನಮ್ಮ ಅಡುಗೆಮನೆಗೆ ಬಂದು ಕೂತು ಬಹಳ ಕಾಲವಾಯಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಎ.ಸಿ. ಇಲ್ಲದ ಹೋಟೆಲಿಗೆ ಶೇಕಡ 12, ಎ.ಸಿ. ಇದ್ದ ಹೋಟೆಲಿಗೆ ಶೇಕಡ 18 ಎಂದು ನಿಗದಿಯಾಯಿತು. ಆ ನಾಲ್ಕು ತಿಂಗಳು ಗಿರಾಕಿಗಳು ಬಿಲ್ ಹಿಡಿದು ನಮ್ಮನ್ನು ನೋಡಿದ ನೋಟವನ್ನು ಯಾರೂ ಮರೆತಿರಲಾರರು. 2024ರ ಅಕ್ಟೋಬರ್ ಕೊನೆಯಲ್ಲಿ ತೆಲಂಗಾಣ ಸರ್ಕಾರ ಹಸಿ ಮೊಟ್ಟೆಯ ಮಯೋನೀಸನ್ನು ಒಂದು ವರ್ಷದ ಮಟ್ಟಿಗೆ ನಿಷೇಧಿಸಿತು. ಸ್ಯಾಂಡ್‌ವಿಚ್ ಮಾಡುವವರು ರಾತ್ರೋರಾತ್ರಿ ಮೆನು ಬದಲಿಸಬೇಕಾಯಿತು. ಜನರ ಆರೋಗ್ಯದ ದೃಷ್ಟಿಯಿಂದ ಅದು ಸರಿಯಿದ್ದೀತು, ಅದನ್ನು ನಾವು ಪ್ರಶ್ನಿಸುತ್ತಿಲ್ಲ. ಆದರೆ ಅಂಥ ತೀರ್ಮಾನ ಆಗುವ ಕೋಣೆಯಲ್ಲಿ ಅಡುಗೆಮನೆಯ ಒಳಹೊರಗು ಬಲ್ಲವರು ಒಬ್ಬರಾದರೂ ಇರಬೇಕಲ್ಲವೇ?

ನಮ್ಮ ಪಕ್ಕದ ಮಾದಾಪುರದ ಉದಾಹರಣೆ ನೋಡಿ. 2024ರ ಜನವರಿಯಲ್ಲಿ ರಸ್ತೆ ಬದಿಯ ಒಂದು ಊಟದ ಗಾಡಿಯನ್ನು ಸಂಚಾರಕ್ಕೆ ಅಡ್ಡಿ ಎಂದು ಪೊಲೀಸರು ತೆಗೆಸಿದರು. ಎರಡು ದಿನ ಕಳೆಯುವುದರೊಳಗೆ ಮುಖ್ಯಮಂತ್ರಿಗಳೇ ಮಧ್ಯೆ ಬಂದು, ಗಾಡಿ ಅಲ್ಲೇ ಇರಲಿ ಎಂದರು. ಗಾಡಿಯಾಕೆಗೆ ಒಳ್ಳೆಯದಾಯಿತು, ಸಂತೋಷ. ಆದರೆ ಒಂದು ಗಾಡಿ ಎಲ್ಲಿ ನಿಲ್ಲಬೇಕೆಂಬುದು ಕೂಡ ರಾಜಕೀಯದಲ್ಲೇ ತೀರ್ಮಾನವಾಗುತ್ತದೆ ಎಂಬುದು ನಮಗೆ ಅಂದು ತಿಳಿಯಿತು.

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ನೆನಪೂ ಇದೆ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲಿನ ವರ್ಷಗಳಲ್ಲಿ ಮುಂಬಯಿಯ ಉಡುಪಿ ಹೋಟೆಲುಗಳು ಕಲ್ಲೇಟು ತಿಂದವು. ನಮ್ಮಲ್ಲಿ ಕೆಲವರ ಚಿಕ್ಕಪ್ಪ, ದೊಡ್ಡಪ್ಪಂದಿರು ಅಲ್ಲಿ ಸಪ್ಲೈಯರ್ ಆಗಿದ್ದವರು. ಹೈದರಾಬಾದ್ ನಮ್ಮನ್ನು ಎಂದೂ ಹಾಗೆ ನೋಡಿಲ್ಲ, ಈ ಊರಿನ ಋಣ ದೊಡ್ಡದು. ಆದರೂ ಊರು ಬಿಟ್ಟು ಬಂದು ವ್ಯಾಪಾರ ಮಾಡುವವನಿಗೆ ಕಷ್ಟ ಬಂದಾಗ ದನಿ ಎತ್ತುವವರು ಬೇಕು ಎಂಬುದು ಅಂದು ಕಲಿತ ಪಾಠ.

ಹಿಂದೆ ಹೋದವರು ಏನಾದರು?

ನಮ್ಮ ಕಸುಬಿಗೆ ಹತ್ತಿರದವರೊಬ್ಬರು ರಾಜಕೀಯಕ್ಕೆ ಹೋದ ಕಥೆ ಎಲ್ಲರಿಗೂ ಗೊತ್ತಿರುವುದೇ. ಪುಣೆಯ ಸುರೇಶ್ ಕಲ್ಮಾಡಿಯವರದು ಕರಾವಳಿ ಮೂಲದ ಮನೆತನ. ತಂದೆ ಡಾ. ಶಾಮರಾವ್ ಕಲ್ಮಾಡಿಯವರ ಹೆಸರನ್ನು ಪುಣೆಯ ಕನ್ನಡ ಸಂಘ ತನ್ನ ಶಾಲೆಗೆ ಇಟ್ಟುಕೊಂಡಿದೆ. ವಾಯುಪಡೆಯಲ್ಲಿ ಪೈಲಟ್ ಆಗಿದ್ದ ಸುರೇಶ್ ಅವರು ಕೆಲಸ ಬಿಟ್ಟು ಬಂದು ಡೆಕ್ಕನ್ ಜಿಮಖಾನದ ಪೂನಾ ಕಾಫಿ ಹೌಸ್ ನೋಡಿಕೊಂಡರು. ಕಾಫಿಗೆ ಬರುತ್ತಿದ್ದ ಮುಖಂಡರ ಪರಿಚಯವಾಯಿತು. ಯುವ ಕಾಂಗ್ರೆಸ್ ಸೇರಿದರು. 1982ರಲ್ಲಿ ರಾಜ್ಯಸಭೆ, 1995ರಲ್ಲಿ ರೈಲ್ವೆ ರಾಜ್ಯ ಸಚಿವ ಸ್ಥಾನ, ಪುಣೆಯಿಂದ ಲೋಕಸಭೆಗೆ 1996, 2004 ಮತ್ತು 2009ರಲ್ಲಿ ಆಯ್ಕೆ. ಕಾಫಿ ಹೌಸಿನ ಟೇಬಲಿನಿಂದ ಅಲ್ಲಿವರೆಗೆ ಏರಿದವರು ನಮ್ಮವರಲ್ಲಿ ಬೇರೆ ಯಾರಿದ್ದಾರೆ?

ಮುಂದಿನ ಕಥೆಯೂ ಗೊತ್ತು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಸಂಘಟನಾ ಸಮಿತಿಗೆ ಅವರು ಅಧ್ಯಕ್ಷರಾದರು. 2011ರ ಏಪ್ರಿಲ್‌ನಲ್ಲಿ ಸಿಬಿಐ ಬಂಧಿಸಿತು. ಪಕ್ಷ ಅಮಾನತು ಮಾಡಿತು. ಹಣ ಅಕ್ರಮ ವರ್ಗಾವಣೆ ಪ್ರಕರಣದಲ್ಲಿ ಜಾರಿ ನಿರ್ದೇಶನಾಲಯ ಸಲ್ಲಿಸಿದ ಮುಕ್ತಾಯ ವರದಿಯನ್ನು ದೆಹಲಿಯ ನ್ಯಾಯಾಲಯ ಒಪ್ಪಿಕೊಂಡದ್ದು 2025ರ ಏಪ್ರಿಲ್‌ನಲ್ಲಿ. ನಡುವೆ ಹದಿನಾಲ್ಕು ವರ್ಷ! ತಪ್ಪು ಒಪ್ಪುಗಳ ವಿಚಾರ ನಮ್ಮದಲ್ಲ. ಹೋಟೆಲಿನಲ್ಲಿ ಲೆಕ್ಕ ಆ ರಾತ್ರಿಯೇ ಮುಗಿಯುತ್ತದೆ, ರಾಜಕೀಯದಲ್ಲಿ ಹದಿನಾಲ್ಕು ವರ್ಷ ಹಿಡಿಯಬಹುದು ಎಂಬುದಷ್ಟೇ ನಾವು ಹೇಳುವುದು.

ಎರಡನೆಯವರು ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಇವರನ್ನು ನಮ್ಮವರೆಂದರೆ ಕೆಲವು ಮಾಲೀಕರಿಗೆ ಮುಜುಗರವಾದೀತು. ಏಕೆಂದರೆ ಅವರ ಸಾರ್ವಜನಿಕ ಜೀವನ ಆರಂಭವಾದದ್ದೇ ಮಂಗಳೂರಿನ ಹೋಟೆಲ್ ಕಾರ್ಮಿಕರನ್ನು, ಸಾರಿಗೆ ಕಾರ್ಮಿಕರನ್ನು ಸಂಘಟಿಸುವುದರಿಂದ! ಬಳಿಕ ಬರಿಗೈಯಲ್ಲಿ ಮುಂಬಯಿಗೆ ಹೋದರು. ಮೊದಲು ಗೆದ್ದದ್ದು ಲೋಕಸಭೆಯನ್ನಲ್ಲ, 1961ರಲ್ಲಿ ಮುಂಬಯಿ ಮಹಾನಗರಪಾಲಿಕೆಯ ಸ್ಥಾನವನ್ನು. ಆರು ವರ್ಷ ಅಲ್ಲಿ ದುಡಿದ ಮೇಲೆ 1967ರಲ್ಲಿ ಎಸ್. ಕೆ. ಪಾಟೀಲರಂಥ ಘಟಾನುಘಟಿಯನ್ನು ದಕ್ಷಿಣ ಮುಂಬಯಿಯಲ್ಲಿ ಸೋಲಿಸಿದರು. ಮರಾಠಿ ಊರಿನಲ್ಲಿ ಮಂಗಳೂರಿನವರಿಗೆ ಜನ ಮತ ಕೊಟ್ಟದ್ದು ಅವರು ಮಂಗಳೂರಿನವರೆಂದಲ್ಲ. ಬೀದಿಯಲ್ಲಿ ತಮ್ಮ ಜೊತೆ ನಿಂತವರೆಂದು.

ಮೂರನೆಯವರು ಈ ಹೈದರಾಬಾದಿನವರೇ. ಡಾ. ಜಿ. ಎಸ್. ಮೇಲ್ಕೋಟೆ. ನಮ್ಮ ಊರಿನ ಹೆಸರನ್ನೇ ಮನೆತನದ ಹೆಸರಾಗಿ ಹೊತ್ತಿದ್ದ ಈ ವೈದ್ಯರು 1952ರ ಹೈದರಾಬಾದ್ ರಾಜ್ಯದ ಸಂಪುಟದಲ್ಲಿದ್ದರು. 1957ರಲ್ಲಿ ರಾಯಚೂರಿನಿಂದ ಲೋಕಸಭೆಗೆ ಹೋದರು. ಬಳಿಕ ಹೈದರಾಬಾದ್ ಕ್ಷೇತ್ರದಿಂದಲೇ 1962, 1967 ಮತ್ತು 1971ರಲ್ಲಿ ಗೆದ್ದರು. ಕೊನೆಯ ಸಲ ಗೆದ್ದದ್ದು ತೆಲಂಗಾಣ ಪ್ರಜಾ ಸಮಿತಿಯಿಂದ. ಅಂದರೆ ಈ ಊರಿನ ಜನರ ಬೇಡಿಕೆಯೇ ಅವರ ಬೇಡಿಕೆಯಾಗಿತ್ತು. ಹೈದರಾಬಾದು ಹೊರಗಿನ ಹೆಸರಿನವರನ್ನು ಆರಿಸುವುದಿಲ್ಲ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಗಚ್ಚಿಬೌಲಿಯ ಲೆಕ್ಕ

ಇನ್ನು ನಮ್ಮ ಬಡಾವಣೆಗೆ ಬರೋಣ. ಗಚ್ಚಿಬೌಲಿ ಸೇರಿದ್ದ ಶೇರಿಲಿಂಗಂಪಲ್ಲಿ ಪುರಸಭೆ 2007ರಲ್ಲಿ ಬೃಹತ್ ಹೈದರಾಬಾದ್ ಪಾಲಿಕೆಯಲ್ಲಿ ವಿಲೀನವಾಯಿತು. ಶೇರಿಲಿಂಗಂಪಲ್ಲಿ ವಿಧಾನಸಭಾ ಕ್ಷೇತ್ರದಲ್ಲಿ 2023ರ ಚುನಾವಣೆಯ ಹೊತ್ತಿಗೆ ಏಳು ಲಕ್ಷಕ್ಕೂ ಹೆಚ್ಚು ಮತದಾರರಿದ್ದರು, ರಾಜ್ಯದಲ್ಲೇ ಅತಿ ದೊಡ್ಡ ಕ್ಷೇತ್ರ. 2020ರ ಡಿಸೆಂಬರಿನಲ್ಲಿ ಪಾಲಿಕೆಗೆ ಚುನಾವಣೆ ನಡೆದಾಗ ವಾರ್ಡುಗಳು 150. ಅದರಲ್ಲಿ ಅರ್ಧ ಮಹಿಳೆಯರಿಗೆ ಮೀಸಲು. ಆ ಪಾಲಿಕೆಯ ಐದು ವರ್ಷದ ಅವಧಿ 2026ರ ಫೆಬ್ರವರಿಗೆ ಮುಗಿಯಿತು. ಅದಕ್ಕೂ ಮೊದಲು, 2025ರ ಕೊನೆಗೆ, ಸುತ್ತಲಿನ 27 ಸ್ಥಳೀಯ ಸಂಸ್ಥೆಗಳನ್ನು ಸೇರಿಸಿ ವಾರ್ಡುಗಳನ್ನು 300ಕ್ಕೆ ಏರಿಸಿದರು. ಗಡಿ ಹೊಸದು, ಲೆಕ್ಕವೂ ಹೊಸದು. ಪಕ್ಷಗಳವರು ಹೋಟೆಲು ಹೋಟೆಲಿಗೆ ಬಂದು ಕಾಫಿ ಕುಡಿಯುತ್ತಿರುವುದಕ್ಕೆ ಇದೇ ಕಾರಣ.

"ನಿಮ್ಮನ್ನು ಗುರುತಿಸದವರಿಲ್ಲ" ಎನ್ನುತ್ತಾರಲ್ಲ, ಅದು ನಿಜ. ಆದರೆ ಗುರುತಿಸುವವರೆಲ್ಲ ಮತದಾರರೇ? ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ನಮ್ಮ ಹೋಟೆಲುಗಳಲ್ಲಿ ಕೂರಲು ಜಾಗವಿರುವುದಿಲ್ಲ. ಆ ಹುಡುಗ ಹುಡುಗಿಯರಲ್ಲಿ ಎಷ್ಟು ಜನರ ಮತ ಇಲ್ಲಿದೆ? ಒಬ್ಬರದು ವಿಜಯವಾಡದಲ್ಲಿ, ಒಬ್ಬರದು ಭುವನೇಶ್ವರದಲ್ಲಿ, ಮತ್ತೊಬ್ಬರದು ಹುಬ್ಬಳ್ಳಿಯಲ್ಲಿ. ನಮ್ಮ ಅಡುಗೆಯವರು, ಸಪ್ಲೈಯರುಗಳು, ಕ್ಲೀನರುಗಳ ಮತ ಬೈಂದೂರಿನಲ್ಲೋ ಒಡಿಶಾದಲ್ಲೋ ಅಸ್ಸಾಮಿನಲ್ಲೋ ಇದೆ. ಇಲ್ಲಿ ಮತ ಇರುವವರೂ ಎಲ್ಲರೂ ಹಾಕುವುದಿಲ್ಲ. 2020ರಲ್ಲಿ ಇಡೀ ಪಾಲಿಕೆಯಲ್ಲಿ ನೂರಕ್ಕೆ ಐವತ್ತು ಜನ ಕೂಡ ಮತಗಟ್ಟೆಗೆ ಬರಲಿಲ್ಲ. ಬಂದು ಸಾಲಿನಲ್ಲಿ ನಿಂತವರು ಹಳೆಯ ಊರಿನವರು, ಬಸ್ತಿಗಳವರು. ಅವರಲ್ಲಿ ಹೆಚ್ಚಿನವರು ನಮ್ಮ ತೊಂಬತ್ತು ರೂಪಾಯಿಯ ದೋಸೆ ತಿನ್ನಲು ಬರುವವರಲ್ಲ.

ಇನ್ನೊಂದು ಪ್ರಶ್ನೆ ಕೇಳುತ್ತೇವೆ, ಬೇಸರಿಸಬೇಡಿ. ನಮ್ಮ ಮತವಾದರೂ ಎಲ್ಲಿದೆ? ಇಲ್ಲಿಗೆ ಬಂದು ಇಪ್ಪತ್ತು ವರ್ಷ ಕಳೆದ ಮಾಲೀಕರು ಇಂದಿಗೂ ಮತ ಹಾಕಲು ರಾತ್ರಿ ಬಸ್ಸು ಹತ್ತಿ ಊರಿಗೆ ಹೋಗುತ್ತಾರೆ. ಊರಿನ ಪ್ರೀತಿ ಒಳ್ಳೆಯದೇ. ಆದರೆ ಪಾಲಿಕೆಗೆ ನಿಲ್ಲುವವರ ಹೆಸರು ಪಾಲಿಕೆಯ ಮತದಾರರ ಪಟ್ಟಿಯಲ್ಲಿ ಇರಲೇಬೇಕು. ಎರಡು ಕಡೆ ಹೆಸರು ಇಟ್ಟುಕೊಳ್ಳುವಂತಿಲ್ಲ, 1950ರ ಕಾಯ್ದೆಯೇ ಅದನ್ನು ತಡೆಯುತ್ತದೆ. ಊರಿನಲ್ಲಿ ಮತ, ಇಲ್ಲಿ ಅಧಿಕಾರ ಎಂದರೆ ಎರಡು ದೋಣಿಯಲ್ಲಿ ಕಾಲಿಟ್ಟಂತೆ.

ಖರ್ಚು ಕಾಗದದ ಮೇಲಿನದಲ್ಲ

2020ರ ಪಾಲಿಕೆ ಚುನಾವಣೆಯಲ್ಲಿ ಸಾಮಾನ್ಯ ಅಭ್ಯರ್ಥಿಯ ಠೇವಣಿ ಐದು ಸಾವಿರ ರೂಪಾಯಿ, ಖರ್ಚಿನ ಮಿತಿ ಐದು ಲಕ್ಷ. ವಿಧಾನಸಭೆಗಾದರೆ 2022ರಿಂದ ದೊಡ್ಡ ರಾಜ್ಯಗಳಲ್ಲಿ ಮಿತಿ 40 ಲಕ್ಷ. ಕೇಳಿದರೆ ಹೊಸ ಕಾಫಿ ಮೆಷಿನ್, ಎರಡು ಗ್ರೈಂಡರಿನ ಬೆಲೆ ಎನಿಸುತ್ತದೆ. ನಿಜವಾದ ಖರ್ಚು ಅದಲ್ಲ, ಮಾಲೀಕನ ಕಣ್ಣು. ಹಿಟ್ಟು ಹುಳಿ ಬಂದದ್ದು, ಸಾಂಬಾರಿಗೆ ಬೇಳೆ ಕಡಿಮೆ ಬಿದ್ದದ್ದು, ಗಲ್ಲೆಯಲ್ಲಿ ನೂರು ರೂಪಾಯಿ ಕಡಿಮೆ ಬಂದದ್ದು ಮ್ಯಾನೇಜರಿಗೆ ಕಾಣುವುದಕ್ಕಿಂತ ಮೊದಲು ಮಾಲೀಕರಿಗೆ ಕಾಣುತ್ತದೆ. ವಾರ್ಡಿನವರ ಒಳಚರಂಡಿ ನೋಡಲು ಹೋದವರಿಗೆ ತಮ್ಮ ಹೋಟೆಲಿನ ಒಳಚರಂಡಿ ಕಾಣುವುದಿಲ್ಲ.

ಪಕ್ಷದವರ ಜೊತೆಗಿನ ವ್ಯವಹಾರದ ರುಚಿಯೂ ನಮಗೆ ಗೊತ್ತು. ಒಂದು ಚುನಾವಣೆಯ ಸಮಯ. ಒಂದು ಪಕ್ಷದ ಸಭೆಗೆ ಸಾವಿರದೈನೂರು ಎಲೆ ಊಟ ಒಪ್ಪಿಕೊಂಡೆವು. ಕಾಲು ಭಾಗ ಮುಂಗಡ ಬಂತು, ಉಳಿದದ್ದು "ಫಲಿತಾಂಶದ ಮರುದಿನ" ಎಂದರು. ಅಭ್ಯರ್ಥಿ ಸೋತರು. ಫೋನ್ ತೆಗೆಯುವವರಿಲ್ಲ. ಅಕ್ಕಿ ಅಂಗಡಿಗೆ, ತರಕಾರಿ ಮಂಡಿಗೆ, ಬಡಿಸಿದ ಹುಡುಗರಿಗೆ ನಾವು ಕೈಯಿಂದ ಕೊಟ್ಟೆವು. ಗೆದ್ದಿದ್ದರೆ ಕೊಡುತ್ತಿದ್ದರೇ? ಗೆದ್ದವರಿಗೆ ಬಡಿಸಿದ ಸದಸ್ಯರೊಬ್ಬರನ್ನು ಕೇಳಿದೆವು. ಅವರು ನಕ್ಕು, "ಗೆದ್ದವರ ಹತ್ತಿರ ಕೇಳುವುದು ಇನ್ನೂ ಕಷ್ಟ" ಎಂದರು. "ಇವತ್ತು ನಗದು, ನಾಳೆ ಸಾಲ" ಎಂದು ಬೋರ್ಡು ಹಾಕಿದವರು ನಾವೇ, ಖಾದಿ ಕಂಡ ಕೂಡಲೇ ಬೋರ್ಡು ಮರೆಯುವವರೂ ನಾವೇ.

ಇನ್ನು ಗಿರಾಕಿಗಳ ಮಾತು. ನಮ್ಮ ಹೋಟೆಲಿನ ಒಂದೇ ಟೇಬಲಿನಲ್ಲಿ ಎಲ್ಲ ಪಕ್ಷದವರೂ ಕೂತು ಬೈ-ಟು ಕಾಫಿ ಕುಡಿಯುತ್ತಾರೆ. ಮಾಲೀಕರು ಒಂದು ಬಾವುಟ ಹಿಡಿದ ದಿನ ಉಳಿದ ಬಾವುಟದವರು ಎದುರಿನ ಹೋಟೆಲಿಗೆ ಹೋಗುತ್ತಾರೆ. ಸೋತರಂತೂ ಗೆದ್ದವರ ಕಡೆಯವರು ಫುಟ್‌ಪಾತಿನ ಅಳತೆ ಹಿಡಿದು ಬಂದಾರು ಎಂಬ ಭಯ ಬೇರೆ.

ಕಾನೂನಿನ ಒಂದು ಮಾತನ್ನು ಕೇಟರಿಂಗ್ ಮಾಡುವವರು ವಿಶೇಷವಾಗಿ ಗಮನಿಸಬೇಕು. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 9ಎ ಕಲಮಿನ ಪ್ರಕಾರ ಸರ್ಕಾರಕ್ಕೆ ಸರಕು ಪೂರೈಸುವ ಅಥವಾ ಸರ್ಕಾರದ ಕಾಮಗಾರಿಯ ಗುತ್ತಿಗೆ ಕೈಯಲ್ಲಿರುವವರು ಆ ಸರ್ಕಾರದ ಸದನಕ್ಕೆ ಸ್ಪರ್ಧಿಸಲು ಅನರ್ಹರು. ಪಾಲಿಕೆಯ ಕಾಯ್ದೆಯಲ್ಲೂ ಪಾಲಿಕೆಯ ಗುತ್ತಿಗೆಯಲ್ಲಿ ಪಾಲುಳ್ಳವರಿಗೆ ಇಂಥದೇ ತಡೆ ಇದೆ. ಹಾಸ್ಟೆಲು, ಕ್ಯಾಂಟೀನು ಎಂದು ಸರ್ಕಾರಿ ಆರ್ಡರು ಹಿಡಿದವರು ನಾಮಪತ್ರಕ್ಕೆ ಮೊದಲು ವಕೀಲರಿಗೆ ಕಾಗದ ತೋರಿಸುವುದು ಕ್ಷೇಮ.

ಮೂರನೆಯ ದಾರಿ

ನಿಲ್ಲದಿದ್ದರೆ ನಮ್ಮ ದನಿ ಕೇಳುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಉತ್ತರ ಹಿಂದೆ ಹೇಳಿದ ಜಿಎಸ್‌ಟಿಯಲ್ಲೇ ಇದೆ. ತೆರಿಗೆ ಬರುವ ಮೊದಲೇ, 2017ರ ಮೇ 30ರಂದು, ದಕ್ಷಿಣದ ರಾಜ್ಯಗಳ ಹೋಟೆಲುಗಳು ಒಂದು ದಿನ ಬಾಗಿಲು ಮುಚ್ಚಿದವು. ಆಮೇಲೆ ಊರೂರಿನ ಸಂಘಗಳು ಮನವಿಯ ಮೇಲೆ ಮನವಿ ಕೊಟ್ಟವು. ಅದೇ ನವೆಂಬರ್ 15ರಿಂದ ದರ ಶೇಕಡ 5ಕ್ಕೆ ಇಳಿಯಿತು. ಹೂಡುವಳಿ ತೆರಿಗೆಯ ಜಮೆ ಹೋಯಿತು ಎಂಬ ಕೊರಗು ಇಂದಿಗೂ ಇದೆ, ಆದರೆ ಗಿರಾಕಿ ಉಳಿದರು. ಹೊರಾಂಗಣ ಕೇಟರಿಂಗಿಗೆ ಶೇಕಡ 18 ಹಾಗೇ ಉಳಿದಿತ್ತು. 2019ರ ಅಕ್ಟೋಬರ್ 1ರಿಂದ ಅದೂ 5ಕ್ಕೆ ಬಂತು. ಇದಕ್ಕಾಗಿ ನಮ್ಮಲ್ಲಿ ಯಾರೂ ಸಂಸದರಾಗಬೇಕಾಗಲಿಲ್ಲ. ಲೆಕ್ಕಪತ್ರ ಹಿಡಿದು ಒಟ್ಟಾಗಿ ಹೋದೆವು, ಅಷ್ಟೇ.

ಹಾಗೆಂದು ಎಲ್ಲವನ್ನೂ ಸಂಘವೇ ಮಾಡೀತು ಎನ್ನುವುದಿಲ್ಲ. ಮನವಿ ಕೊಡುವವರು ಬಾಗಿಲ ಹೊರಗೆ ಕಾಯಬೇಕು. ಗೆದ್ದವರು ಒಳಗೆ ಕೂರುತ್ತಾರೆ. ಆದ್ದರಿಂದ ನಿಲ್ಲಬೇಡಿ ಎನ್ನುವುದು ನಮ್ಮ ಮಾತಲ್ಲ. ನೀರಿಗಿಳಿಯದೆ ಈಜು ಬರುವುದಿಲ್ಲ. ಆದರೆ ಇಳಿಯುವ ಮೊದಲು ಈ ಐದು ಕೆಲಸ ಆಗಿರಬೇಕು.

ಒಂದು, ಮತ ಇಲ್ಲಿಗೆ ಬರಬೇಕು. ನಿಲ್ಲುವವರದ್ದು ಮಾತ್ರವಲ್ಲ, ಅವರ ಮನೆಯವರೆಲ್ಲರದ್ದು.

ಎರಡು, ಗಲ್ಲೆಯನ್ನು ನಂಬಿಕೆಯ ಒಬ್ಬರಿಗೆ ಬರವಣಿಗೆಯಲ್ಲಿ ಒಪ್ಪಿಸಬೇಕು. ಕನಿಷ್ಠ ಒಂದು ವರ್ಷ ಮುಂಚೆ ಒಪ್ಪಿಸಿ, ನೀವು ಇಲ್ಲದೆ ಹೋಟೆಲು ನಡೆಯುತ್ತದೆಯೇ ನೋಡಿ. ನಡೆಯದಿದ್ದರೆ ನಿಮ್ಮನ್ನು ನಂಬಿದ ಮೂವತ್ತು ನಲವತ್ತು ಕುಟುಂಬಗಳ ಅನ್ನ ಮುಖ್ಯ. ಹೋಟೆಲು ಅಡವಿಟ್ಟು ಚುನಾವಣೆ ಮಾಡುವುದಂತೂ ಬೇಡವೇ ಬೇಡ.

ಮೂರು, ಸರ್ಕಾರಿ ಗುತ್ತಿಗೆ ಇದ್ದರೆ ಬಿಡಬೇಕು. ಎರಡೂ ಇರಲಿ ಎನ್ನುವುದು ಬೇಲಿಯೇ ಎದ್ದು ಹೊಲ ಮೇಯುವ ದಾರಿ.

ನಾಲ್ಕು, ಸಂಘದ ಪದಾಧಿಕಾರಿಯಾಗಿದ್ದರೆ ಟಿಕೆಟ್ ಕೈಗೆ ಬರುವ ಮೊದಲೇ ರಾಜೀನಾಮೆ ಕೊಡಬೇಕು. ಸಂಘದ ಹಣ, ಸಂಘದ ಹೆಸರು, ಈ ಪತ್ರಿಕೆಯ ಪುಟ ಯಾವ ಅಭ್ಯರ್ಥಿಗೂ ಬಳಕೆಯಾಗಬಾರದು. ನಮ್ಮಲ್ಲಿ ಎಲ್ಲ ಪಕ್ಷದವರೂ ಇದ್ದಾರೆ. ಒಬ್ಬರಿಗಾಗಿ ಸಂಘ ಒಡೆದರೆ ನಾಳೆ ತೆರಿಗೆಯ ವಿಷಯಕ್ಕೆ ಒಟ್ಟಾಗಿ ಹೋಗಲು ಯಾರಿರುತ್ತಾರೆ? ಸಭೆಯಲ್ಲಿ ಕೇಳಿದ ಪ್ರಶ್ನೆಗೆ ಇದೇ ನಮ್ಮ ಉತ್ತರ. ಸಂಘ ಬೆನ್ನಿಗಿರಬಾರದು, ಸ್ನೇಹಿತರು ಇರಲಿ.

ಐದು, ಕನ್ನಡಿಗರ ಅಭ್ಯರ್ಥಿ, ಹೋಟೆಲಿನವರ ಅಭ್ಯರ್ಥಿ ಎಂದು ನಿಲ್ಲಬಾರದು. ವಾರ್ಡಿನವರಾಗಿ ನಿಲ್ಲಬೇಕು. ಬಸ್ತಿಯ ನೀರಿನ ಟ್ಯಾಂಕರ್, ಮಳೆಗೆ ಕೆರೆಯಾಗುವ ರಸ್ತೆ, ತೆಲುಗಿನಲ್ಲಿ ಅವರ ಕಷ್ಟ ಕೇಳುವ ಕಿವಿ, ಇವು ಇಲ್ಲದೆ ಗೆಲ್ಲುವುದೂ ಇಲ್ಲ, ಗೆದ್ದರೂ ಪ್ರಯೋಜನವಿಲ್ಲ. "ನಮ್ಮವರಿದ್ದರೆ ಲೈಸೆನ್ಸ್ ಸುಲಭ" ಎಂಬ ಆಸೆಯಿಂದ ಬೆಂಬಲಿಸುವ ಸದಸ್ಯರು ದಯವಿಟ್ಟು ಆ ಆಸೆ ಬಿಡಿ. ಅದು ಬೆಂಬಲವಲ್ಲ, ಮುಂಗಡ.

ಇನ್ನೊಂದು ಮಾತು. ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲಾಗುವ ಪಾಲಿಕೆಯಲ್ಲಿ ನಮ್ಮ ಚರ್ಚೆಯೆಲ್ಲ ಗಂಡಸರ ಬಗ್ಗೆಯೇ ನಡೆಯಿತು. ಹೋಟೆಲಿನ ಅರ್ಧ ಲೆಕ್ಕ ಮನೆಯ ಹೆಣ್ಣುಮಕ್ಕಳ ತಲೆಯಲ್ಲೇ ಇರುತ್ತದೆ. ವಾರ್ಡು ಮಹಿಳೆಗೆ ಮೀಸಲಾದರೆ ಅವರನ್ನು ಬೋರ್ಡಿಗೆ ಹೆಸರಾಗಿ ನಿಲ್ಲಿಸಿ ಹಿಂದಿನಿಂದ ಆಡಳಿತ ನಡೆಸುವ ಯೋಚನೆ ಬೇಡ. ಅವರಿಗೇ ಮನಸ್ಸಿದ್ದರೆ ಅವರೇ ನಿಲ್ಲಲಿ, ಅವರೇ ನಡೆಸಲಿ.

ನಿಲ್ಲದವರಿಗೂ ಚುನಾವಣೆ ಬಂದಾಗ ಮಾಡಲು ಕೆಲಸವಿದೆ. ಪಕ್ಷದ ಆರ್ಡರಿಗೆ ಪೂರ್ತಿ ಮುಂಗಡ ಪಡೆಯಿರಿ, ಬಿಲ್ ಕೊಡಿ. ಅಭ್ಯರ್ಥಿಯ ಕಾಫಿ, ಟಿಫಿನ್ನು ಕೂಡ ಚುನಾವಣಾ ಖರ್ಚಿಗೆ ಸೇರುತ್ತದೆ ಎಂಬುದು ನೆನಪಿರಲಿ. ನೀತಿಸಂಹಿತೆಯ ಸಮಯದಲ್ಲಿ ಐವತ್ತು ಸಾವಿರಕ್ಕಿಂತ ಹೆಚ್ಚು ನಗದು ಒಯ್ಯುವಾಗ ದಾಖಲೆ ಜೊತೆಯಲ್ಲಿರಲಿ. ಮತದಾನದ ದಿನ ಹುಡುಗರಿಗೆ ಸರದಿಯ ಮೇಲೆ ರಜೆ ಕೊಡಿ.

ಮೊನ್ನೆ ಮಧ್ಯಾಹ್ನ ಮೂರರ ಸುಮಾರಿಗೆ, ಊಟದ ಗಲಾಟೆ ಮುಗಿದ ಮೇಲೆ, ಆ ಸದಸ್ಯರ ಹೋಟೆಲಿಗೆ ಹೋಗಿದ್ದೆವು. ಇದನ್ನೆಲ್ಲ ಹೇಳಿದೆವು. ಅವರು ಕೇಳಿ, ಪರ್ಸಿನಿಂದ ಮತದಾರರ ಗುರುತಿನ ಚೀಟಿ ತೆಗೆದು ಮುಂದಿಟ್ಟರು. ಕುಂದಾಪುರ ತಾಲೂಕಿನದು. ಇಬ್ಬರೂ ನಕ್ಕೆವು. ಗಲ್ಲಾಪೆಟ್ಟಿಗೆಯ ಕೆಳಗೆ ವಿಳಾಸ ಬದಲಾವಣೆಯ 8ನೇ ನಮೂನೆ ತುಂಬದೆ ಬಿದ್ದಿತ್ತು. "ನಿಲ್ಲುವುದು ಬಿಡುವುದು ಆಮೇಲೆ ನೋಡುವಾ, ಮೊದಲು ಇದನ್ನು ಕಳಿಸ್ತೇನೆ" ಎಂದು ಪೆನ್ನು ಹುಡುಕತೊಡಗಿದರು.

ಸದಸ್ಯ ಬಾಂಧವರು ತಮ್ಮ ತಮ್ಮ ಚೀಟಿಯನ್ನೂ ಒಮ್ಮೆ ತೆಗೆದು ನೋಡಬೇಕೆಂದು ವಿನಂತಿ. ಈ ಅಭಿಪ್ರಾಯಕ್ಕೆ ವಿರೋಧವಿದ್ದರೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅದಕ್ಕೂ ಇಷ್ಟೇ ಜಾಗ ಕೊಡುತ್ತೇವೆ.